ಶೇಷ

ಪ್ರಾಂತ್ಯದ ಕಚೇರಿಯಿಂದ ಫ್ಯಾಕ್ಸ್ ಬಂದದ್ದು ಮಂಗಳವಾರ.
ಕಾಗದ ಇನ್ನೂ ಬೆಚ್ಚಗಿತ್ತು, ಒಳಗಿನ ಅಂಕಿ ತಣ್ಣಗೆ:
ಓಕಿನೌರಾ ಬಂದರಿನ ಸಣ್ಣ ದೋಣಿಗಳಿಗೆಲ್ಲ ಸೇರಿ
ಈ ವರ್ಷ ಹನ್ನೊಂದು ಸಾವಿರ ಕಿಲೋ ಟ್ಯೂನಾ.
ಹೋದ ವರ್ಷ ಹತ್ತೊಂಬತ್ತಿತ್ತು.

ದೋಣಿ ಇಪ್ಪತ್ತೇಳು. ಸಹಕಾರ ಸಂಘದ ಗುಮಾಸ್ತೆ ನಾನು.
ಕ್ಯಾಲ್ಕುಲೇಟರ್ ಪಕ್ಕಕ್ಕಿಟ್ಟು ಪೆನ್ಸಿಲ್ಲಿನಲ್ಲೇ ಭಾಗಿಸಿದೆ,
ಏನು ಮಾಡುತ್ತಿದ್ದೇನೆಂದು ಕೈಗಾದರೂ ಗೊತ್ತಾಗಲಿ.
ದೋಣಿಗೆ ನಾನೂರ ಏಳು.
ಶೇಷ, ಹನ್ನೊಂದು.

ಸಭೆಯೆಂದರೆ ತಕ್ಕಡಿಯಲ್ಲಿ ಕಪ್ಪೆ ತೂಗಿದ ಹಾಗೆ,
ಒಬ್ಬ ಕೂತರೆ ಇನ್ನೊಬ್ಬ ಎಗರುತ್ತಾನೆ.
ಸೀಮೆಎಣ್ಣೆ ಒಲೆಯ ಮೇಲೆ ಕೆಟಲ್ಲು ಬತ್ತಿಹೋಯಿತು,
ಯಾರೂ ಚಹಾ ಕೇಳಲಿಲ್ಲ.
ಹಳಬರಿಗೆ ಹೆಚ್ಚು ಕೊಡಿ, ಅಂದರು ಹಳಬರು.
ಹೊಸ ಎಂಜಿನ್ ಹಾಕಿಸಿದ ನರುಮಿ ಎಂಜಿನ್ನಿನ ಬೆಲೆ ಹೇಳಿದ,
ಎರಡು ಸಲ.
ಯಜಮಾನ ತೀರಿಕೊಂಡು ಕಟ್ಟಿಹಾಕಿದ ದೋಣಿಗೂ ಭಾಗವೇ,
ಅಂದ ಒಬ್ಬ, ಗೋಡೆಯನ್ನು ನೋಡುತ್ತಾ.
ಮೂಲೆಯಿಂದ ಕಿಕುಎ ಹೇಳಿದಳು:
ದಿನಾ ಬೆಳಗ್ಗೆ ಅದರ ನೀರು ಎತ್ತಿ ಚೆಲ್ಲುವವಳು ನಾನು.
ಆಮೇಲೆ ಆ ಮಾತು ಯಾರೂ ಎತ್ತಲಿಲ್ಲ.

ಅಳೆದೂ ಸುರಿದೂ ಕೊನೆಗೆ ನನ್ನ ಪೆನ್ಸಿಲ್ಲಿನ ಲೆಕ್ಕವೇ ನಿಂತಿತು.
ಕಷ್ಟಕ್ಕಿರಲಿ ಎಂದು
ಹನ್ನೊಂದು ಕಿಲೋ ನನ್ನ ವಶಕ್ಕೆ ಬಿಟ್ಟರು,
ಮೇಜಿನ ಸೆಳೆಖಾನೆಯಲ್ಲಿ ಚಿಲ್ಲರೆ ಇಡುವಂತೆ ಇಟ್ಟುಕೊಂಡೆ.

ಮೀನಿಗೆ ಭಾಗಾಕಾರ ಬರುವುದಿಲ್ಲ.
ಬಂದರೆ ಇಡಿಯಾಗಿ ಬರುತ್ತದೆ,
ಬಾಲ ನಿನ್ನದು ತಲೆ ಅವನದು ಎನ್ನಲು ಬಿಡದೆ.
ಅಕ್ಟೋಬರಿನಲ್ಲಿ ನರುಮಿಯ ಕೊನೆಯ ಮೀನು
ಮಾಪಕದ ಮುಳ್ಳನ್ನು ಆರು ಕಿಲೋ ಮುಂದೆ ತಳ್ಳಿತು.
ಅವನು ನನ್ನನ್ನು ನೋಡಿದ, ನಾನು ಸೆಳೆಖಾನೆ ತೆರೆದೆ.
ಉಳಿದದ್ದು ಐದು.

ನವೆಂಬರ್ ಇಪ್ಪತ್ತೆರಡು. ಜಲಸಂಧಿಯ ಮೇಲೆ ತೆಳ್ಳನೆ ಹಿಮ.
ರೇಡಿಯೋದಲ್ಲಿ ಇಸಾಬುರೋ ಹಟಕೆಯಾಮ, ಎಪ್ಪತ್ತೊಂದು ವಯಸ್ಸು:
ತೊಮೊಎ-ಸಾನ್, ನನ್ನದೆಷ್ಟು ಉಳಿದಿದೆ?
ಅವನಿಗೂ ಗೊತ್ತಿತ್ತು. ನೂರ ಮೂವತ್ತನಾಲ್ಕು, ಅಂದೆ.
ನಲವತ್ತು ನಿಮಿಷದಿಂದ ದಾರದಲ್ಲಿದೆ,
ಈಗ ಮಗ್ಗುಲು ತೋರಿಸಿತು,
ನೂರ ಐವತ್ತು ದಾಟುತ್ತದೆ.
ಸೆಳೆಖಾನೆಯಲ್ಲಿ?
ಐದು.
ರೇಡಿಯೋ ಕೆರೆಯಿತು. ಎಂಜಿನ್ನಿನ ಸದ್ದು, ಗಾಳಿ,
ಅವನ ಉಸಿರೋ ಮೀನಿನದೋ ತಿಳಿಯದ ಒಂದು ಏದುಸಿರು.
ಕೊಯ್ದೆ, ಅಂದ.

ತುಸು ಹೊತ್ತಿನ ಮೇಲೆ ಮತ್ತೆ:
ಹೋಗುತ್ತಿಲ್ಲ ಇದು. ಪಕ್ಕದಲ್ಲೇ ತೇಲುತ್ತಿದೆ,
ಬಿಟ್ಟಿದ್ದೇನೆಂದು ಯಾರೂ ಇದಕ್ಕೆ ಹೇಳಿಲ್ಲವೇನೋ.
ಆಮೇಲೆ: ಮುಳುಗಿತು.
ಈಜಿ ಹೋಯಿತೋ ಸುಮ್ಮನೆ ಮುಳುಗಿತೋ
ನಾನೂ ಕೇಳಲಿಲ್ಲ.
ನೀರೊಳಗೆ ಸತ್ತದ್ದಕ್ಕೆ ನನ್ನ ಪುಸ್ತಕದಲ್ಲಿ ಕಾಲಮ್ಮಿಲ್ಲ.

ಸಂಜೆ ಬಂದ. ತೋಳಿನಿಂದ ನೀರು ತೊಟ್ಟಿಕ್ಕುತ್ತಿತ್ತು,
ಹೆಬ್ಬೆರಳ ಬುಡದಲ್ಲಿ ದಾರ ಬರೆದ ಕೆಂಪು ಗೆರೆ.
ಇವತ್ತಿನದು ಎಷ್ಟು ಬರೆಯಲಿ, ಅಂದೆ.
ಸೊನ್ನೆ, ಅಂದ. ದುಂಡಗೆ ಬರಿ,
ಹೋದ ತಿಂಗಳು ಆರರ ಹಾಗೆ ಕಾಣುತ್ತಿತ್ತು.
ನಕ್ಕನೋ ಏನೋ. ಸಹಿ ಹಾಕಿದ ಜಾಗ ಒದ್ದೆಯಾಯಿತು.

ಅವನು ಹೋದ ಮೇಲೆ ಕಿಟಕಿ ಒರೆಸಿ ನೋಡಿದೆ.
ದೂರದಲ್ಲಿ ದೊಡ್ಡ ಬಲೆಯ ಹಡಗುಗಳ ಸಾಲು ದೀಪ,
ರಾತ್ರಿಯಲ್ಲೊಂದು ಊರು ಹುಟ್ಟಿದ ಹಾಗೆ.
ಅವರ ಪಾಲು ಬೇರೆ ಹಾಳೆಯಲ್ಲಿದೆ,
ಆ ಹಾಳೆ ನನ್ನ ಫ್ಯಾಕ್ಸಿಗೆ ಬರುವುದಿಲ್ಲ.

ಒಲೆ ಆರಿಸಿದೆ. ಸೆಳೆಖಾನೆಗೆ ಬೀಗ ಹಾಕುವಾಗ ಕೈ ತಡೆಯಿತು:
ಐದು ಕಿಲೋ.
ಡಿಸೆಂಬರ್ ಕಳೆದರೆ ಮುಂದಿನ ವರ್ಷಕ್ಕೆ ಸೇರದು,
ಹಿಂದಿನದಕ್ಕೂ ಸಲ್ಲದು.
ಯಾರ ಪಾಲಿಗೂ ಬಾರದ ಆ ಐದರ ಮೇಲೆ
ಇಡೀ ಕಡಲು ಮಲಗಿರುವಂತೆ
ಹೊರಗೆ ಎಲ್ಲ ನಿಶ್ಶಬ್ದ,
ಕಿಕುಎಯ ದೋಣಿಯೊಂದು ಮಾತ್ರ
ಹಗ್ಗವನ್ನು ಜಗ್ಗಿ ಜಗ್ಗಿ ನೋಡುತ್ತಿತ್ತು.