ಎಡಗಡೆಯ ಸೀಟು

ಹದಿನಾಲ್ಕು ನಂಬರಿನ ಸ್ಪ್ಯಾನರು, ನಾಲ್ಕು ಬೋಲ್ಟು.
ಮುಂದಿನವೆರಡು ಕರೆದ ಕೂಡಲೇ ಬಂದವು.
ಹಿಂದಿನದೊಂದು ತುಕ್ಕು ಹಿಡಿದು ಹಟಕ್ಕೆ ಬಿದ್ದಿತ್ತು.
ಅತಾವುಲ್ಲಾ ಭಾಯ್ ಅದಕ್ಕೆ ಸೀಮೆಎಣ್ಣೆ ಕುಡಿಸಿ
ಬೀಡಿ ಹಚ್ಚಲು ಗಲ್ಲಿಯ ಆಚೆಬದಿಗೆ ಹೋದರು.
‘ಕಾಯ್ಬೇಕು ಮೇಡಂ, ಅವಸರ ಮಾಡಿದ್ರೆ ತಲೆ ಮುರಿಯುತ್ತೆ.’
ಇದೇ ಮಾತನ್ನು ನಾನು ಹದಿನೇಳು ವರ್ಷ
ಕ್ಲಚ್ಚಿನ ಬಗ್ಗೆ ಹೇಳಿಕೊಂಡು ಬಂದಿದ್ದೇನೆ.

ಜೆ.ಸಿ. ರಸ್ತೆಯ ಹಿಂದಿನ ಗಲ್ಲಿ, ಬೆಳಿಗ್ಗೆ ಹತ್ತೂವರೆ.
ನೆತ್ತಿಯ ಮೇಲೆ ಹಳದಿ ಬೋರ್ಡು ಹೊತ್ತ ನನ್ನ ಮಾರುತಿ
ಬಾಯಿ ತೆರೆದು ನಿಂತಿದೆ, ಹಲ್ಲಿನ ಡಾಕ್ಟರ ಮುಂದೆ ನಿಂತಂತೆ.

ಬಲಗಡೆಯದು ಕಲಿಯುವವರ ಸೀಟು.
ಹೊಸಕೆರೆಹಳ್ಳಿಯ ನರ್ಸು, ಗವೀಪುರದ ಅರ್ಚಕರ ಸೊಸೆ,
ಅರವತ್ತಕ್ಕೆ ಕಲಿಯಲು ಬಂದ ಟೈಪಿಂಗ್ ಮೇಷ್ಟ್ರು,
ಎಷ್ಟು ಜನ ಕೂತರೂ ಯಾರ ಗುರುತೂ ನಿಂತಿಲ್ಲ ಅದರಲ್ಲಿ.
ತುದಿ ಮಾತ್ರ ಸವೆದು ನೂಲು ಬಿಟ್ಟಿದೆ.
ಹೆದರಿದವರು ಯಾರೂ ಒರಗಿ ಕೂರುವುದಿಲ್ಲ.

ಎಡಗಡೆಯದು ನನ್ನದು.
ಅವರ ಸ್ಟೀರಿಂಗಿಗೆ ಕೈ ಹಾಕಲು ವಾಲಿ ವಾಲಿ
ಸ್ಪಂಜೂ ಬಲಕ್ಕೆ ವಾಲಿದೆ.
ಡಾಕ್ಟರು ಸೊಂಟದ ಎಕ್ಸ್‌ರೇಯನ್ನು ಕಿಟಕಿಗೆ ಹಿಡಿದು
ತೋರಿಸಿದ್ದೂ ಇದೇ ವಾಲು.

‘ಎರಡನ್ನೂ ಅದಲುಬದಲು ಮಾಡಿ ಕೂರಿಸಿಬಿಡಿ ಭಾಯ್,
ಆ ಕಡೆ ಸೊಂಟಕ್ಕೂ ಸ್ವಲ್ಪ ಕೆಲಸ ಸಿಗಲಿ.’
ಅವರು ನಕ್ಕರು.
‘ಬಲಗಾಲಿನ ಚಪ್ಲಿ ಎಡಗಾಲಿಗೆ ಹಾಕ್ದಂಗಾಯ್ತು.
ಹಳಿ ಬೇರೆ, ಲಿವರ್ ಬೇರೆ. ಕೂರಲ್ಲ ಮೇಡಂ.’

ಬೋಲ್ಟು ಕೊನೆಗೆ ಕಿರ್ರೆಂದು ಒಪ್ಪಿಕೊಂಡಿತು.
ಮಗುಚಿ, ಓರೆ ಮಾಡಿ, ಬಾಗಿಲಿನ ಬಣ್ಣಕ್ಕೆ ತಾಗದಂತೆ
ಹುಡುಗ ಏಳುಮಲೈ ಸೀಟನ್ನು ಈಚೆ ತಂದ,
ತುಂಬು ಬಸುರಿಯನ್ನು ಆಟೋದಿಂದ ಇಳಿಸಿಕೊಳ್ಳುವ ಹಾಗೆ.

ಕೆಳಗೆ, ಧೂಳಿನ ಚೌಕದಲ್ಲಿ,
ಗೋಲಿಯಷ್ಟಕ್ಕೆ ಒಣಗಿದ ನಿಂಬೆಹಣ್ಣು, ಯಾರದೋ ಮೊದಲ ದಿನದ್ದು.
ಒಡೆದ ಬಳೆ. ಮೂರು ಹೇರ್‌ಪಿನ್ನು. ನಡೆಯದ ನಾಲ್ಕಾಣೆ.
ಒಂದು ಎಲ್‌ಎಲ್‌ಆರ್ ಜೆರಾಕ್ಸು, ಹೆಸರು ಅಳಿಸಿ
ಫೋಟೋದಲ್ಲಿ ಕಣ್ಣೆರಡೇ ಉಳಿದಿದ್ದವು.
ಪಾಸಾದಳೋ, ಬಿಟ್ಟೇಬಿಟ್ಟಳೋ.
ಕಡಲೆಕಾಯಿ ಸಿಪ್ಪೆ ಮಾತ್ರ ನನ್ನದೇ.

ಹೊಸ ಫೋಮು ಕಲಾಸಿಪಾಳ್ಯದಿಂದ ಬರಬೇಕು.
ಅಲ್ಲಿಯವರೆಗೆ ಎರಡೂ ಸೀಟು ಫುಟ್‌ಪಾತಿನ ಮೇಲೆ,
ರಸ್ತೆಗೆ ಮುಖ ಮಾಡಿ, ಗಾಜಿಲ್ಲದೆ, ಬಾಗಿಲಿಲ್ಲದೆ.
ಟೀ ಬಂತು. ನಾನು ಎಡಕ್ಕೆ ಕೂತೆ, ಯೋಚಿಸದೆ.
ಬಲಕ್ಕೆ ಭಾಯ್ ಕೂತರು, ತುದಿಯಲ್ಲಿ.
‘ಮೂವತ್ತೊಂದು ವರ್ಷ ಆಯ್ತು ಸೀಟು ಹೊಲಿಯೋಕೆ ಹಿಡಿದು,
ಗಾಡಿ ಓಡ್ಸೋಕೆ ಮಾತ್ರ ಬರಲ್ಲ ಮೇಡಂ,’
ಎಂದರು, ಲೋಟದ ಒಳಗೆ ನೋಡುತ್ತ.

ಆಗ ತಿರುವಿನಲ್ಲಿ ನೀರಿನ ಟ್ಯಾಂಕರೊಂದು
ಇಡೀ ಗಲ್ಲಿ ತನ್ನದೇ ಎಂಬಂತೆ ನುಗ್ಗಿ ಬಂತು.
ನನ್ನ ಬಲಗಾಲು ಫುಟ್‌ಪಾತಿನ ಕಲ್ಲನ್ನು ಒತ್ತಿ ಹಿಡಿಯಿತು.
ಟೀ ಸೀರೆಯ ಮೇಲೆ.
ಟ್ಯಾಂಕರು ನಿಂತದ್ದು ಎದುರಿಗೆ ಸಿಕ್ಕ ಎಮ್ಮೆಗೆ, ನನಗಲ್ಲ,
ಆದರೂ ಭಾಯ್ ನನ್ನ ಕಾಲನ್ನೇ ನೋಡುತ್ತಿದ್ದರು.

‘ಒರಗಿ ಕೂತ್ಕೊಳ್ಳಿ,’ ಎಂದೆ.
ಎಲ್ಲರಿಗೂ ಹೇಳುವ ದನಿಯಲ್ಲೇ.
ಸ್ವಲ್ಪ ಹೊತ್ತಾದ ಮೇಲೆ ಒರಗಿದರು.

ಸಂಜೆ ಐದಕ್ಕೆ ಎಲ್ಲ ಬಿಗಿಯಾಯಿತು.
ಹೊಸ ಸ್ಪಂಜು ನನ್ನನ್ನು ಎತ್ತಿ ಹಿಡಿದಿದೆ, ಪರಿಚಯವಿಲ್ಲ.
ರಸ್ತೆ ಎರಡು ಬೆರಳು ಕೆಳಗೆ, ನನ್ನ ಬ್ರೇಕು
ಒಂದು ಬೆರಳು ದೂರ.
ಏಳುಮಲೈ ಲಿವರ್ ಎತ್ತಿ
ಒಂದು ಹಲ್ಲು ಮುಂದಕ್ಕೆ ತಳ್ಳಿದ.
ಕಟಕ್.