ವರೆಗೆ

ಬಸ್ಸಿನ ಬೆನ್ನ ಮೇಲೆ ಬರೆದಿತ್ತಂತೆ:
ಸೆಕೆಂಡಿಗೆ ಎಪ್ಪತ್ತಾರು ಮೆಗಾಬಿಟ್.
ಅಂಕಿ ಆನೆಯಷ್ಟು.
ಅದರ ಬಾಲಕ್ಕೆ ಇರುವೆಯಷ್ಟು ಒಂದು ‘ವರೆಗೆ’,
ಇರುವೆಯ ತಲೆಯ ಮೇಲೊಂದು ನಕ್ಷತ್ರ.
ನಕ್ಷತ್ರದ ಅರ್ಥ ಕೆಳಗೆಲ್ಲೋ ಚಕ್ರದ ಹತ್ತಿರ ಇತ್ತು,
ಬಗ್ಗಿ ಓದುವಷ್ಟರಲ್ಲಿ
ದೀಪ ಹಸಿರಾಯಿತು, ಬಸ್ಸು ಹೊರಟೇಹೋಯಿತು.
ಹಗಲಲ್ಲೇ ನಕ್ಷತ್ರ ತೋರಿಸುವುದೆಂದರೆ ಇದೇ.

ಹೀಗೆಂದವರು ಇಲ್ಟಿಡ್ ಪ್ರಾಥೆರೋ,
ವೇಲ್ಸಿನ ಒಂದು ಕಣಿವೆಯ ತುದಿಮನೆಯಿಂದ, ಫೋನಿನಲ್ಲಿ,
ನಾನು ಸ್ವಾನ್ಸಿಯ ಮೂರನೇ ಮಹಡಿಯಲ್ಲಿ
ಕಿವಿಗೆ ಕೊಂಡಿ ಸಿಕ್ಕಿಸಿ ಕೂತು
‘ನಿಮಗಾದ ತೊಂದರೆಗೆ ವಿಷಾದಿಸುತ್ತೇವೆ’ ಎಂಬುದನ್ನು
ಆ ದಿನ ಮೂವತ್ತೊಂದನೇ ಸಲ ಹೇಳಿ ಮುಗಿಸಿದಾಗ.

ಮೂವತ್ತನಾಲ್ಕು ವರ್ಷ ಅಳತೆ-ತೂಕದ ಇನ್ಸ್‌ಪೆಕ್ಟರು.
ಪೆಟ್ರೋಲ್ ಪಂಪಿನ ಬಾಯಿಗೆ ಅಳತೆಯ ಕ್ಯಾನು ಒಡ್ಡಿದವರು,
ಕಲ್ಲಿದ್ದಲ ಚೀಲ ನಡುಬೀದಿಯಲ್ಲೇ ಇಳಿಸಿ ತೂಗಿಸಿದವರು,
ಮಾಂಸದಂಗಡಿಯ ತಕ್ಕಡಿಯಡಿ ಅಂಟಿದ್ದ
ಒಂದೇ ಒಂದು ಪೆನ್ನಿಯನ್ನು
ಲಕೋಟೆಯಲ್ಲಿಟ್ಟು ಕೋರ್ಟಿಗೆ ಒಯ್ದವರು.
ಈಗ ಗಂಟೆಗೊಮ್ಮೆ ವೇಗ ಅಳೆದು
ಕೆಂಪು ರಟ್ಟಿನ ಪುಸ್ತಕಕ್ಕೆ ಇಳಿಸುತ್ತಾರೆ.

ಓದಿದರು. ನಾನು ತಡೆಯಲಿಲ್ಲ.
“ಸೋಮವಾರ ಬೆಳಗ್ಗೆ ಏಳು: ಆರೂಕಾಲು.
ಸಂಜೆ, ಕಣಿವೆಯ ಮಕ್ಕಳೆಲ್ಲ ಮನೆ ಸೇರಿದ ಮೇಲೆ: ಎರಡು.
ಮಂಗಳವಾರ, ಗಾಳಿ: ಒಂದೂಮುಕ್ಕಾಲು.
ಬುಧವಾರ ರಾತ್ರಿ ಮೂರಕ್ಕೆ ಹನ್ನೊಂದು!
ಎಚ್ಚರವಿದ್ದವರು ನಾನು ಮತ್ತು ಗೂಬೆ.
ಗುರುವಾರ ಪರದೆಯ ಮೇಲೆ ಡಾಕ್ಟರು ಬಂದರು,
‘ನಿಮ್ಮ ಹೆಂಡತಿಯ ರಿಪೋರ್ಟಿನಲ್ಲಿ’ ಎಂದು
ತೆರೆದ ಬಾಯಿ ತೆರೆದಂತೆ ನಿಂತುಬಿಟ್ಟರು.
ನಾನೂ ಡಿಲಿಸಳೂ ಅವರ ಹಲ್ಲು ಎಣಿಸುತ್ತ ಕೂತೆವು.
ಅಂಕಿ: ಸೊನ್ನೆ ಪಾಯಿಂಟ್ ನಾಲ್ಕು.”

ಪರದೆ ಹೇಳೆಂದದ್ದನ್ನು ಹೇಳಿದೆ:
ತಾಮ್ರದ ತಂತಿ, ಸರ್; ಪೆಟ್ಟಿಗೆಯಿಂದ ನಿಮ್ಮ ಮನೆ ದೂರ;
ಜಾಹೀರಾತಿನಲ್ಲಿ ‘ವರೆಗೆ’ ಅಂತ ಇದೆಯಲ್ಲ, ಸರ್.

ಆ ಕಡೆ ಒಂದು ಕೆಟಲು ಕುದಿದು
ತಾನೇ ಸುಮ್ಮನಾಗುವಷ್ಟು ಹೊತ್ತು.

“ನೋಡಮ್ಮ,
‘ಒಂದು ಪೈಂಟಿನವರೆಗೆ ಬಿಯರು’ ಎಂದು ಬೋರ್ಡು ಹಾಕಿ
ಪಬ್ಬಿನವನು ನನ್ನ ಕಾಲದಲ್ಲಿ ನೊರೆ ಕೊಟ್ಟಿದ್ದರೆ
ಅವನ ಬಾಗಿಲು ಮುಚ್ಚಿಸುತ್ತಿದ್ದೆ.
ಡಜನ್ನಿನವರೆಗೆ ಮೊಟ್ಟೆ ಯಾರಾದರೂ ಮಾರುತ್ತಾರೆಯೇ?
ಬಿಲ್ಲಿನಲ್ಲಿ ಮಾತ್ರ ಆ ಪದ ಯಾಕಿಲ್ಲ?
ಮೂವತ್ತೆರಡು ಪೌಂಡಿನವರೆಗೆ ಕಟ್ಟುತ್ತೇನೆ ಅಂದರೆ
ನೀವು ಒಪ್ಪುತ್ತೀರಾ?”

ಒಪ್ಪಲ್ಲ, ಎಂದೆ.
ಅದು ಪರದೆಯಲ್ಲಿ ಇರಲಿಲ್ಲ.

ಮೂಲೆಯ ಗಡಿಯಾರ ಕೆಂಪಾಗುತ್ತಿತ್ತು.
ಕರೆಗೆ ಏಳು ನಿಮಿಷದವರೆಗೆ; ಇಲ್ಲಿ ವರೆಗೆ ಎಂದರೆ ವರೆಗೇ,
ಎಂಟಕ್ಕೆ ಮೇಲ್ವಿಚಾರಕ ಗ್ವಿಲಿಮ್ ಎದ್ದು ನಿಲ್ಲುತ್ತಾನೆ.
ನನ್ನ ನೇಮಕದ ಪತ್ರದಲ್ಲೂ ಹರಿದಿದೆ ಆ ಇರುವೆ:
ತಿಂಗಳಿಗೆ ಇನ್ನೂರು ಪೌಂಡಿನವರೆಗೆ ಬೋನಸ್ಸು.
ಮೂರು ವರ್ಷದಲ್ಲಿ ಕಂಡದ್ದು ಹದಿನೆಂಟು, ಒಂದೇ ಸಲ.

ಇದನ್ನು ಅವರಿಗೆ ಯಾಕೆ ಹೇಳಿದೆನೋ.

ಪುಟ ತಿರುವಿದ ಸದ್ದು. ಪೆನ್ಸಿಲಿನ ಗೀಚು.
“ಹದಿನೆಂಟು,” ಎಂದರು. “ದಿನಾಂಕ?”

ಗ್ವಿಲಿಮ್ ಎದ್ದು ನಿಂತಿದ್ದ.
ನಾನು ಕಣ್ಣು ಮುಚ್ಚಿ
ಅದು ನವೆಂಬರೋ ಡಿಸೆಂಬರೋ ಎಂದು
ನೆನಪಿಸಿಕೊಳ್ಳುತ್ತಿದ್ದೆ.