ಐಸಿನಲ್ಲಿ ಅರ್ಧ ಗಂಟೆ

ಭಾವೂಚಾ ಧಕ್ಕಾದಿಂದ ಹೀರಾಬಾಯಿ ತಾಂಡೇಲ್
ಅರ್ಧ ಬಕೆಟ್ ಐಸು ತಂದಳು, ಬಂಗಡೆ ವಾಸನೆಯದು.
ಲ್ಯಾಬಿನ ಫ್ರಿಜ್ಜು ಕೆಟ್ಟು ಎರಡು ದಿನ.

ಅದರಲ್ಲಿ ನೆಟ್ಟೆ ಎರಡು ನಳಿಗೆ:
ಒಂದು ಬರೀ ಜೆಲಟಿನ್.
ಇನ್ನೊಂದಕ್ಕೆ ತಗುಲಿಸಿದ್ದು ಅವಳದೇ ಬೆರಳಿನ ಕೀವು,
ಮೀನಮುಳ್ಳು ಚುಚ್ಚಿದ್ದು.

ಶಾಖಪೆಟ್ಟಿಗೆಯಲ್ಲಿ ಎರಡೂ ನೀರೇ ಆಗಿದ್ದವು.
ಮುಂಬೈಯ ಮೇ ತಿಂಗಳಲ್ಲಿ ಯಾರು ತಾನೇ ಗಟ್ಟಿ?
ಬಿಸಿಗೆ ಸಡಿಲಿದ್ದು ತಂಪಿಗೆ ಮತ್ತೆ
ಕೈಗೆ ಕೈ ಹೆಣೆದು ಕೂರುತ್ತದೆ.
ಕತ್ತರಿಸಿದ್ದು ಕೂರುವುದಿಲ್ಲ.
ಬಾಯಿಲ್ಲದ ಜೀವ, ಕತ್ತರಿಯನ್ನೇ ಮೈಯಿಂದಾಚೆ ಉಗುಳಿ
ಸರಪಳಿಯ ಕೊಂಡಿ ಕೊಂಡಿ ಬಿಚ್ಚಿ
ಆಮೇಲೆ ಹೀರುತ್ತದೆ.

'ನಾವೂ ಹಾಗೇ,' ಅಂದಳು ಮರಾಠಿಯಲ್ಲಿ,
'ಮೊದಲು ಕೊಯ್ಯೋದು, ಆಮೇಲೆ ತಿನ್ನೋದು.'

ಅರ್ಧ ಗಂಟೆ. ಓರೆ ಮಾಡಿದೆ.
ಮೊದಲನೆಯದು ಕದಲಲಿಲ್ಲ.
ಎರಡನೆಯದು ಹರಿಯಿತು, ಅವಸರವಿಲ್ಲದೆ,
ಗಾಜಿನ ಗೋಡೆಗುಂಟ.

ರಿಜಿಸ್ಟರಿನಲ್ಲಿ ಕೂಡುವ ಗುರುತು ಹಾಕಿದೆ,
ಕೂಡದೆ ಉಳಿದದ್ದಕ್ಕೆ.

ಅವಳು ಬೆರಳಿನ ಪಟ್ಟಿ ನೋಡಿಕೊಂಡಳು,
ಬಕೆಟ್ಟಿನ ತಳದ ನೀರನ್ನೂ:
'ಇದು ಕರಗೋಕೆ ಯಾವ ಹುಳ ಬೇಕಿತ್ತಪ್ಪಾ?
ಬೇಗ ಬರೆದುಕೊಡು.
ಅಲ್ಲಿ ಪಾಪ್ಲೆಟ್ ಕಾಯ್ತಿದೆ.'